ಆಗರ ಇದೆ, ಆಗೇರ ಎಲ್ಲಿ?

ಉಪ್ಪು ತಿಂದ ಮನೆಗೆ ಎರಡು ಬಗೆಯಬೇಡ ಎಂದು ನಮಗೆ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಾರೆ. ಜೀತಕ್ಕಿದ್ದ ನಮ್ಮ ತಾತ ಮುತ್ತಾತಂದಿರ ಬಾಯಿ ಮುಚ್ಚಿಸಿದ್ದೂ ಇದೇ ಮಾತಿನಿಂದ. ಉಪ್ಪು ಕೊಟ್ಟ ಮನೆ ಯಾವುದು ಅಂತ ಈ ಗಾದೆಗೆ ಚೆನ್ನಾಗಿ ಗೊತ್ತು. ಆ ಉಪ್ಪನ್ನು ಮಾಡಿದ ಮನೆ ಯಾವುದು ಅಂತ ಮಾತ್ರ ಗಾದೆ ಕೇಳಲಿಲ್ಲ. ನಮ್ಮ ಸ್ಕೂಲಿನ ಚರಿತ್ರೆ ಪುಸ್ತಕವೂ ಕೇಳಲಿಲ್ಲ.

ಆ ಮನೆ ಉತ್ತರ ಕನ್ನಡ ಜಿಲ್ಲೆಯ ಕುಮಟಾ ತಾಲ್ಲೂಕಿನಲ್ಲಿದೆ. ಅಘನಾಶಿನಿ ನದಿ ಅರಬ್ಬೀ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿದೆ. ಈ ಅಳಿವೆಗೆ ಈಗ ದೊಡ್ಡ ಹೆಸರು ಬಂದಿದೆ. ಇರಾನ್ ದೇಶದ ರಾಮ್ಸಾರ್ ಎಂಬ ಊರಿನಲ್ಲಿ 1971ರಲ್ಲಿ ದೇಶದೇಶಗಳು ಸೇರಿ ಜೌಗುನೆಲಗಳನ್ನು ಉಳಿಸಲು ಒಂದು ಒಪ್ಪಂದ ಮಾಡಿಕೊಂಡವು. ಆ ಪಟ್ಟಿಗೆ 2024ರ ಜನವರಿ 31ರಂದು ಅಘನಾಶಿನಿ ಅಳಿವೆಯ 4,801 ಹೆಕ್ಟೇರು ಸೇರಿತೆಂದು ಭಾರತ ಸರ್ಕಾರ ಪ್ರಕಟಿಸಿತು. ಗದಗ ಜಿಲ್ಲೆಯ ಮಾಗಡಿ ಕೆರೆ, ಹಗರಿಬೊಮ್ಮನಹಳ್ಳಿ ಸೀಮೆಯ ಅಂಕಸಮುದ್ರ ಕೆರೆ ಕೂಡ ಅದೇ ದಿನ ಸೇರಿದವು. ಅಲ್ಲಿಯತನಕ ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ರಂಗನತಿಟ್ಟು ಒಂದೇ.

ಅಂದು ಪತ್ರಿಕೆಗಳೆಲ್ಲ ಅಘನಾಶಿನಿಯನ್ನು ಜೀವವೈವಿಧ್ಯದ ಆಗರ ಎಂದು ಕರೆದವು. ಆಗರ ಅಂದರೆ ಭಂಡಾರ ಅಂತ ಪಂಡಿತರ ಅರ್ಥ. ಕಡಲ ದಂಡೆಯ ಜನರ ಬಾಯಲ್ಲಿ ಆಗರ ಅಂದರೆ ಉಪ್ಪು ಬೆಳೆಯುವ ಗದ್ದೆ. ಆ ಗದ್ದೆಯಲ್ಲಿ ದುಡಿದು ದುಡಿದೇ ಒಂದು ಜಾತಿಗೆ ಆಗೇರ ಅಂತ ಹೆಸರು ಬಿತ್ತು. ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿ ತೆಗೆದು ನೋಡಿ, ಆದಿ ದ್ರಾವಿಡ, ಆದಿ ಕರ್ನಾಟಕ ಆದ ಮೇಲೆ ಮೊದಮೊದಲಲ್ಲೇ ಸಿಗುತ್ತಾರೆ ಆಗೇರರು. ಕೆಳಗೆ ಹೋದರೆ ಅದೇ ಕರಾವಳಿಯ ಮುಕ್ರಿಗಳು, ಹಳ್ಳೇರರು. ಪರಿಶಿಷ್ಟರ ಪಟ್ಟಿಯಲ್ಲಿ ಇರುವವರು ರಾಮ್ಸಾರ್ ಪಟ್ಟಿಯ ಸಂಭ್ರಮದಲ್ಲಿ ಯಾಕೆ ಕಾಣಲಿಲ್ಲ? ನಮ್ಮ ಪ್ರಶ್ನೆ ಇಷ್ಟೇ.

ನಾವು ಪಿಲ್ಲಗುಂಪೆಯವರು, ಹೊಸಕೋಟೆ ಸೀಮೆಯ ಬಯಲು ನಾಡಿನವರು. ನಮ್ಮೂರಿಗೂ ಕಡಲಿಗೂ ನಡುವೆ ಅರ್ಧ ಕರ್ನಾಟಕ ಬಿದ್ದಿದೆ. ಸಮುದ್ರವನ್ನೇ ಸರಿಯಾಗಿ ನೋಡದ ಹೈಕಳು ಸಮುದ್ರದ ಚರಿತ್ರೆ ಬರೀತವಂತೆ ಅಂತ ಊರ ಹಿರಿಯರು ನಗಾಡಿದರು. ನಗಲಿ. ನಮಗೆ ಈ ಕತೆ ಅಷ್ಟೇನೂ ಹೊರಗಿನದಲ್ಲ. ನಮ್ಮ ಕಡೆ ಉಪ್ಪಾರರು ಅಂತ ಇದ್ದಾರೆ. ಚೌಳು ಮಣ್ಣನ್ನು ನೀರಲ್ಲಿ ಕದಡಿ, ಸೋಸಿ, ಒಣಗಿಸಿ ಉಪ್ಪು ತೆಗೆಯುತ್ತಿದ್ದವರು. ಕಡಲಿನ ಉಪ್ಪು ರೈಲು ಹತ್ತಿ ಬಂದ ಮೇಲೆ ಅವರ ಮಣ್ಣಿನ ಉಪ್ಪು ಕೇಳುವವರಿಲ್ಲದೆ ಹೋಯಿತು, ಮಣ್ಣು ಹೊರುವ ಕಲ್ಲು ಕಟ್ಟುವ ಕೂಲಿ ಉಳಿಯಿತು. ಜಾತಿಯ ಹೆಸರಿನಲ್ಲಿ ಮಾತ್ರ ಉಪ್ಪು ಉಳಿದಿದೆ. ಕೆರೆಯ ತೂಬು ಎತ್ತಿ ಇಳಿಸಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿ ನಮ್ಮ ಕಡೆಯ ಎಷ್ಟೋ ಊರುಗಳಲ್ಲಿ ನಮ್ಮ ಕೇರಿಯವನೇ. ಕೆರೆ ಕಟ್ಟಿಸಿದ ಪಾಳೇಗಾರನ ಹೆಸರು ಕಲ್ಲಿನ ಮೇಲಿದೆ. ನೀರು ಹಂಚಿದವನ ಹೆಸರು ಯಾವ ಕಲ್ಲಿನ ಮೇಲಿದೆ ತೋರಿಸಿ ನೋಡೋಣ.

ಇನ್ನು ಅಘನಾಶಿನಿಗೆ ಬರೋಣ. ಸಿರಸಿಯ ಮೇಲಿನ ಕಾಡಿನಲ್ಲಿ ಹುಟ್ಟುವ ಈ ಹೊಳೆ ಉಂಚಳ್ಳಿಯಲ್ಲಿ ಘಟ್ಟದಿಂದ ಧುಮುಕಿ, ಕೆಳಗೆ ತದಡಿಗೂ ಅಘನಾಶಿನಿ ಎಂಬ ಹಳ್ಳಿಗೂ ನಡುವೆ ಕಡಲು ಸೇರುತ್ತದೆ. ಹೆಸರಿನ ಅರ್ಥ ಪಾಪವನ್ನು ನಾಶ ಮಾಡುವವಳು. ಪಕ್ಕದಲ್ಲೇ ಗೋಕರ್ಣ ಇದೆಯಲ್ಲ, ಹೆಸರಿಡುವ ಕೆಲಸ ಪುರೋಹಿತರದ್ದೇ. ಅಕ್ಕಪಕ್ಕದ ಹೊಳೆಗಳನ್ನು ನೋಡಿ: ಕಾಳಿಗೆ ಸೂಪಾ ಮೊದಲುಗೊಂಡು ಅಣೆಕಟ್ಟಿನ ಮೇಲೆ ಅಣೆಕಟ್ಟು, ಶರಾವತಿಗೆ 1964ರಿಂದ ಲಿಂಗನಮಕ್ಕಿ. ಅಘನಾಶಿನಿಗೆ ಮಾತ್ರ ಉದ್ದಕ್ಕೂ ದೊಡ್ಡ ಅಣೆಕಟ್ಟಿಲ್ಲ. ಘಟ್ಟದ ಸಿಹಿನೀರು, ಮೆಕ್ಕಲು ಮಣ್ಣು ತಡೆಯಿಲ್ಲದೆ ಇಳಿದು ಬರುತ್ತವೆ; ದಿನಕ್ಕೆ ಎರಡು ಸಲ ಭರತದ ಉಪ್ಪುನೀರು ಒಳಗೆ ನುಗ್ಗುತ್ತದೆ. ಸಿಹಿ ಉಪ್ಪು ಎರಡೂ ಬೆರೆಯುವ ಆ ಕೆಸರಿನಲ್ಲಿ ಮೀನು ಮೊಟ್ಟೆಯಿಡುತ್ತದೆ, ಬಳಚು ಬೆಳೆಯುತ್ತದೆ, ಕಾಂಡ್ಲಾ ಗಿಡ ಬೇರು ಇಳಿಸುತ್ತದೆ. ಇಷ್ಟು ಪ್ರಕೃತಿಯ ಕೆಲಸ. ಆದರೆ ಅಳಿವೆಯ ದಂಡೆ ಈಗಿರುವ ಹಾಗೆ ಇರುವುದಕ್ಕೆ ಪ್ರಕೃತಿಯೊಂದೇ ಕಾರಣ ಅಂದರೆ ಅದು ಅರ್ಧ ಸುಳ್ಳು.

ಉಪ್ಪಿನ ಆಗರವನ್ನೇ ತಗೊಳ್ಳಿ. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಇವತ್ತಿಗೂ ಉಪ್ಪು ಬೆಳೆಯುತ್ತಾರೆ. ಭರತದ ನೀರನ್ನು ಮೊದಲು ದೊಡ್ಡ ಪಾತಿಗೆ ಹಾಯಿಸಬೇಕು. ಬಿಸಿಲಿಗೆ ನೀರು ಗಟ್ಟಿಯಾಗುತ್ತಾ ಬಂದಂತೆ ಒಂದು ಪಾತಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಬಿಡಬೇಕು. ಕೊನೆಯ ಪಾತಿಯ ನೆಲವನ್ನು ಜೇಡಿಮಣ್ಣು ಹಾಕಿ ಕಾಲಲ್ಲಿ ತುಳಿದು, ಬಡಿದು, ನಮ್ಮ ಕಣದ ಹಾಗೆ ಗಟ್ಟಿ ಮಾಡಿರಬೇಕು. ಇಲ್ಲದಿದ್ದರೆ ಉಪ್ಪಿಗೆ ಮಣ್ಣು ಹತ್ತುತ್ತದೆ. ಹರಳು ಕಟ್ಟಿದ ಉಪ್ಪನ್ನು ಮರದ ಹಲಗೆಯಿಂದ ಎಳೆದು ಬದುವಿನ ಮೇಲೆ ರಾಶಿ ಹಾಕಿ, ಬುಟ್ಟಿಯಲ್ಲಿ ತಲೆಯ ಮೇಲೆ ಹೊತ್ತು ಸಾಗಿಸಬೇಕು. ಇದೆಲ್ಲ ಬೇಸಿಗೆಯ ಉರಿಬಿಸಿಲಲ್ಲಿ, ಮಳೆ ಬರುವುದರೊಳಗೆ. ಬಿಸಿಲು ಕಡಿಮೆಯಾದರೆ ಉಪ್ಪಿಲ್ಲ, ಹೆಚ್ಚಾದರೆ ಮೈಯಿಲ್ಲ. ಯಾವ ಪಾತಿಯ ನೀರು ಯಾವ ಹೊತ್ತಿಗೆ ಎಷ್ಟು ಗಟ್ಟಿಯಾಗಿದೆ ಅಂತ ಬೆರಳಲ್ಲಿ ಮುಟ್ಟಿ ಹೇಳುವ ವಿದ್ಯೆ ಇದು. ಇದನ್ನು ವಿಶ್ವವಿದ್ಯಾಲಯದಲ್ಲಿ ಕಲಿತರೆ ರಸಾಯನಶಾಸ್ತ್ರ, ಆಗರದಲ್ಲಿ ಕಲಿತರೆ ಕೂಲಿ.

1883ರ ಕೆನರಾ ಗೆಜೆಟಿಯರು ಆಗೇರರನ್ನು ಉಪ್ಪು ಮಾಡುವವರು ಎಂದೇ ಬರೆದುಕೊಂಡಿದೆ. ಬ್ರಿಟಿಷ್ ಅಧಿಕಾರಿಗೆ ಅಷ್ಟು ತಿಳಿದಿತ್ತು. ಆದರೆ ಅವನಿಗೆ ಅವರ ಹೆಸರಿಗಿಂತ ಅವರ ಉಪ್ಪಿನ ಮೇಲೆ ಕಣ್ಣು. ಟಿಪ್ಪು ಬಿದ್ದ ಮೇಲೆ ಕೆನರಾ ಮದ್ರಾಸಿಗೆ ಸೇರಿತು. 1805ರಲ್ಲಿ ಮದ್ರಾಸ್ ಆಧಿಪತ್ಯದಲ್ಲಿ ಕಂಪನಿ ಉಪ್ಪನ್ನು ತನ್ನ ಒಡೆತನಕ್ಕೆ ತಗೊಂಡಿತು. ಸ್ವಲ್ಪ ಕಾಲದಲ್ಲೇ ಆ ಕಟ್ಟು ಕೆನರಾ ಕರಾವಳಿಗೂ ಬಂತು. ಮಾಡಿದವನು ತನ್ನ ಉಪ್ಪನ್ನು ತಾನೇ ಮಾರುವ ಹಾಗಿಲ್ಲ, ಕಂಪನಿ ಹೇಳಿದ ಬೆಲೆಗೆ ಕಂಪನಿಗೇ ಹಾಕಬೇಕು. 1862ರಲ್ಲಿ ಉತ್ತರ ಕೆನರಾ ಮುಂಬೈ ಆಧಿಪತ್ಯಕ್ಕೆ ಹೋಯಿತು, ಒಡೆಯ ಬದಲಾದ. ಪಕ್ಕದ ಗೋವೆಯ ಉಪ್ಪು ಕಳ್ಳದಾರಿಯಲ್ಲಿ ಬರುತ್ತದೆಂದು 1878ರಲ್ಲಿ ಪೋರ್ಚುಗೀಸರ ಜತೆ ಒಪ್ಪಂದ ಮಾಡಿಕೊಂಡು ಗೋವೆಯ ಆಗರಗಳ ಮೇಲೂ ಬ್ರಿಟಿಷರು ಕೈಯಿಟ್ಟರು. 1882ರಲ್ಲಿ ಇಡೀ ಇಂಡಿಯಾಕ್ಕೆ ಉಪ್ಪಿನ ಕಾಯಿದೆ ಬಂತು. ಕಡಲು ಮನೆ ಬಾಗಿಲಲ್ಲಿದ್ದರೂ ಒಂದು ಹಿಡಿ ಉಪ್ಪು ಕೆರೆದುಕೊಂಡರೆ ಅಪರಾಧ. 1923ರಲ್ಲಿ ಉಪ್ಪಿನ ತೆರಿಗೆ ಒಂದೇ ಏಟಿಗೆ ಇಮ್ಮಡಿಯಾಯಿತು. ಉಳ್ಳವನ ಊಟದಲ್ಲಿ ಉಪ್ಪು ಹತ್ತರಲ್ಲಿ ಒಂದು. ಮುದ್ದೆಗೋ ಗಂಜಿಗೋ ನೆಂಚಿಕೊಳ್ಳಲು ಉಪ್ಪೇ ಗತಿಯಾದವನಿಗೆ ಅದು ಹೊಟ್ಟೆಯ ಮೇಲೆ ಹಾಕಿದ ತೆರಿಗೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕತೆ. 1930ರ ಏಪ್ರಿಲ್ 6ರಂದು ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದರು. ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾನೂನು ಮುರಿದರು. ಕರ್ನಾಟಕದ ಚರಿತ್ರೆಯಲ್ಲಿ ಆ ದಿನಕ್ಕೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಆ ನೆಲದ ರೈತರು ಕರನಿರಾಕರಣೆ ಮಾಡಿ ಮನೆ ಮಠ ಕಳಕೊಂಡದ್ದು ಸಣ್ಣ ತ್ಯಾಗವಲ್ಲ. ಆದರೂ ಒಂದು ಮಾತು. ಅದೇ ಕೊಂಕಣ ಕರಾವಳಿಯ ಮೇಲ್ಭಾಗದಲ್ಲಿ, ಮಹಾಡದಲ್ಲಿ, 1927ರ ಮಾರ್ಚ್ 20ರಂದು ಬಾಬಾಸಾಹೇಬ್ ಅಂಬೇಡ್ಕರರು ಚವದಾರ ಕೆರೆಯ ನೀರನ್ನು ಬೊಗಸೆಯಲ್ಲಿ ಎತ್ತಿ ಕುಡಿದರು. ಮೂರು ವರ್ಷ ಮುಂಚೆ. ಉಪ್ಪು ಮುಟ್ಟಬೇಡ ಅಂದವನು ಪರದೇಶಿ ಸರ್ಕಾರದವನು. ನೀರು ಮುಟ್ಟಬೇಡ ಅಂದವನು ಪಕ್ಕದ ಬೀದಿಯವನು. ಉಪ್ಪಿನ ಸತ್ಯಾಗ್ರಹದ ದಿನ ಕಡಲ ದಂಡೆಯಲ್ಲಿ ನಿಂತ ಆಗೇರನ ಮೇಲೆ ಈ ಎರಡು ನಿಷೇಧವೂ ಇತ್ತು. ತಲೆತಲಾಂತರದಿಂದ ಉಪ್ಪು ಎತ್ತಿದವನು ಅವನೇ, ಆದರೆ ಚರಿತ್ರೆಯ ಪಾಲಿಗೆ ಉಪ್ಪು ಮೊದಲು ಎತ್ತಿದವರು ಬೇರೆಯವರು. 1931ರ ಗಾಂಧಿ-ಇರ್ವಿನ್ ಒಪ್ಪಂದದಲ್ಲಿ ಕಡಲ ಪಕ್ಕದ ಹಳ್ಳಿಗರು ತಮ್ಮ ಬಳಕೆಗೆ, ತಮ್ಮ ಊರೊಳಗಿನ ಮಾರಾಟಕ್ಕೆ ಉಪ್ಪು ಮಾಡಿಕೊಳ್ಳಬಹುದೆಂದು ಬಿಟ್ಟರು. ಊರ ಗಡಿ ದಾಟಿಸಿದರೆ ಮತ್ತೆ ಅಪರಾಧವೇ.

1947ರಲ್ಲಿ ಉಪ್ಪಿನ ತೆರಿಗೆ ಹೋಯಿತು. ಸ್ವಾತಂತ್ರ್ಯ ಬಂತು. ಸಾಣಿಕಟ್ಟಾದಲ್ಲಿ ಸಹಕಾರಿ ಸಂಘವೂ ಬಂತು. ಅದರ ಹೆಸರು ಓದಿ: ನಾಗರಬೈಲ್ ಸಾಲ್ಟ್ ಓನರ್ಸ್ ಕೋ-ಆಪರೇಟಿವ್ ಸೊಸೈಟಿ. ಉಪ್ಪಿನ ಮಾಲೀಕರ ಸಂಘ! ಸಂಘ ಉಪ್ಪನ್ನು ಉಳಿಸಿತು, ಕರಾವಳಿಯ ಮಿಕ್ಕ ಆಗರಗಳು ಅಳಿದ ಮೇಲೂ ಇಲ್ಲಿ ಬೆಳೆ ನಿಲ್ಲಲಿಲ್ಲ, ಇದನ್ನು ಒಪ್ಪುತ್ತೇವೆ. ಆದರೆ ಪಾತಿ ತುಳಿಯುವವನ ಹೆಸರಿನಲ್ಲಿ ಸಂಘ ಹುಟ್ಟಲಿಲ್ಲ, ಪಾತಿಯ ಒಡೆಯನ ಹೆಸರಿನಲ್ಲಿ ಹುಟ್ಟಿತು. ಬೋರ್ಡು ಸುಳ್ಳು ಹೇಳುತ್ತಿಲ್ಲವಲ್ಲ, ಅಷ್ಟು ಪುಣ್ಯ.

ಉಪ್ಪಿನಷ್ಟೇ ದೊಡ್ಡ ವಿದ್ಯೆ ಗಜನಿಯದು. ಕಗ್ಗ ಅಂದರೆ ನಮ್ಮ ಬೆಂಗಳೂರು ಸೀಮೆಯವರಿಗೆ ಡಿ.ವಿ.ಜಿ.ಯವರ ಪುಸ್ತಕ ನೆನಪಾಗುತ್ತದೆ. ಕುಮಟೆಯಲ್ಲಿ ಕಗ್ಗ ಅಂದರೆ ಭತ್ತ. ಉಪ್ಪುನೀರಿಗೆ ಜಗ್ಗದ, ಆಳುದ್ದ ಬೆಳೆಯುವ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಕೊಳೆಯದ ಭತ್ತ. ಅಳಿವೆಯ ಅಂಚಿನ ತಗ್ಗು ಭೂಮಿಯೇ ಗಜನಿ. ಕಡಲ ನೀರು ತಡೆಯಲು ಮಣ್ಣಿನ ಕಟ್ಟೆ, ಕಟ್ಟೆಗೆ ಮರದ ಹಲಗೆಯ ಬಾಗಿಲು. ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬೀಜ ಚೆಲ್ಲುತ್ತಾರೆ. ಗೊಬ್ಬರ ಬೇಡ, ಔಷಧಿ ಬೇಡ. ನೀರೇ ಗೊಬ್ಬರ ತರುತ್ತದೆ. ಮಳೆಗಾಲ ಮುಗಿದು ತೆನೆ ಕೊಯ್ದ ಮೇಲೆ ಬಾಗಿಲು ಎತ್ತಿದರೆ ಭರತದ ನೀರಿನ ಜತೆ ಮೀನು, ಸಿಗಡಿ ಮರಿ ಒಳಗೆ ಬರುತ್ತವೆ. ಗದ್ದೆ ಕೆರೆಯಾಗುತ್ತದೆ. ಭತ್ತದ ಕೂಳೆ ಮೀನಿಗೆ ಮೇವು, ಉದುರಿದ ಕಾಳು ಹಕ್ಕಿಗೆ. ಮತ್ತೆ ಮಳೆ ಬರುವತನಕ ಮೀನಿನ ಬೆಳೆ. ಬಾಗಿಲು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದು ಅಮಾವಾಸ್ಯೆ ಹುಣ್ಣಿಮೆಯ ಲೆಕ್ಕ. ನಮ್ಮ ನೀರುಗಂಟಿಯ ಕೆಲಸವೇ ಇದು, ಆದರೆ ಇಲ್ಲಿ ಕೆರೆಯ ಬದಲು ಕಡಲು.

ಈ ಕಟ್ಟೆಗಳನ್ನು ಕಟ್ಟಿದವರು ಹಾಲಕ್ಕಿ ಒಕ್ಕಲುಗಳು, ಪಟಗಾರರು, ಅಂಬಿಗರು, ಅವರ ಜತೆ ದಲಿತ ಕೂಲಿಗಳು. ಒಡೆದ ಕಟ್ಟೆಗೆ ರಾತ್ರಿಯೆಲ್ಲ ನೀರಲ್ಲಿ ನಿಂತು ಮಣ್ಣು ಕೊಟ್ಟವರು ಅವರೇ. ಭೂಮಿ ಬಹುಪಾಲು ಬೇರೆಯವರದು, ಇವರು ಗೇಣಿಗೆ ಮಾಡುವವರು. ಆ ಗೇಣಿದಾರರನ್ನು ಕಟ್ಟಿಕೊಂಡು ಅಂಕೋಲೆ ಸೀಮೆಯಲ್ಲಿ ರೈತಕೂಟ ನಡೆಸಿದವರು ದಿನಕರ ದೇಸಾಯರು. ಚುಟುಕ ಕವಿ ಅಂತ ಪಠ್ಯದಲ್ಲಿ ಓದಿದ್ದೇವಲ್ಲ, ಅವರೇ. 1940ರಲ್ಲಿ ಸರ್ಕಾರ ಅವರನ್ನು ಜಿಲ್ಲೆಯಿಂದ ಗಡಿಪಾರು ಮಾಡಿತು. ಕವಿಯನ್ನು ಪಠ್ಯಕ್ಕೆ ತಂದವರು ಗಡಿಪಾರನ್ನು ಪಠ್ಯದ ಹೊರಗಿಟ್ಟರು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಬಂದು ಉಳುವವನಿಗೆ ಭೂಮಿ ಸಿಕ್ಕಿತು. ಉತ್ತರ ಕನ್ನಡದ ಗೇಣಿದಾರರ ಪಾಲಿಗೆ ಅದು ದೊಡ್ಡ ಬಿಡುಗಡೆ. ಗೇಣಿ ಚೀಟಿಯೂ ಇಲ್ಲದೆ ಬರೀ ಕೂಲಿಯಾಗಿದ್ದವನಿಗೆ? ಅವನು ಉಳುವವನ ಲೆಕ್ಕಕ್ಕೆ ಬರಲಿಲ್ಲ. ಆಗೇರ, ಮುಕ್ರಿ ಕೂಲಿ ಬಹುಮಟ್ಟಿಗೆ ಎಲ್ಲಿದ್ದನೋ ಅಲ್ಲೇ ಉಳಿದ.

ಅದೇ 1970ರ ದಶಕದಲ್ಲಿ ಸರ್ಕಾರ ಗಜನಿಗಳಿಗೆ ಖಾರ್‌ಲ್ಯಾಂಡ್ ಕಟ್ಟೆಗಳನ್ನು ಕಟ್ಟಿಸಿತು. ಕಲ್ಲು ಸಿಮೆಂಟಿನ ಗಟ್ಟಿ ಕಟ್ಟೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ವರ್ಷವರ್ಷ ಊರೆಲ್ಲ ಸೇರಿ ಮಣ್ಣು ಹಾಕುವ ಕೆಲಸ ತಪ್ಪಿದ ಮೇಲೆ, ಊರೆಲ್ಲ ಸೇರುವುದೂ ತಪ್ಪಿತು. ಕಟ್ಟೆ ಇಲಾಖೆಯದಾಯಿತು. ಕಟ್ಟೆಯ ಒಳಗಿನ ಕಾಂಡ್ಲಾ ಗಿಡಗಳು ಭರತದ ನೀರು ತಪ್ಪಿ ಒಣಗಿದವು. ಆಮೇಲೆ 1980, 90ರ ದಶಕದಲ್ಲಿ ಸಿಗಡಿಯ ಹುಚ್ಚು ಬಂತು. ಜಪಾನಿಗೂ ಅಮೆರಿಕಕ್ಕೂ ಸಿಗಡಿ ಬೇಕು. ಡಾಲರಿನ ವಾಸನೆ ಹತ್ತಿದ ಗುತ್ತಿಗೆದಾರರು ಗಜನಿಗಳಿಗೆ ಬಂದರು. ಭತ್ತದಲ್ಲಿ ಸಿಗದ ಕಾಸು ಸಿಗಡಿಯಲ್ಲಿ ಸಿಕ್ಕಿತು, ಬಾಗಿಲು ವರ್ಷವಿಡೀ ಎತ್ತಿಯೇ ಇತ್ತು, ಕಗ್ಗ ಬಿತ್ತುವವರು ಕಡಿಮೆಯಾದರು. ಆಮೇಲೆ ಸಿಗಡಿಗೆ ರೋಗ ಬಂತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಕರಾವಳಿಯ ವಾಣಿಜ್ಯ ಸಿಗಡಿ ಹೊಂಡಗಳ ವಿರುದ್ಧ ತೀರ್ಪು ಕೊಟ್ಟಿತು. ಸಾಂಪ್ರದಾಯಿಕ ಪದ್ಧತಿಗೆ ಬೇರೆ ದಾರಿ ಬಿಟ್ಟಿತು. ದುಡ್ಡು ಮಾಡಿದವರು ಹೊರಟುಹೋದರು. ಮಾಣಿಕಟ್ಟದಂಥ ಊರುಗಳಲ್ಲಿ ಕೆಲವು ರೈತರು ಹಟ ಹಿಡಿದು ಕಗ್ಗದ ಬೀಜ ಉಳಿಸಿಕೊಂಡು ಬಂದರು. ಬೀಜ ಬ್ಯಾಂಕು ಎಂಬ ಮಾತು ಕಿವಿಗೆ ಬೀಳುವ ಮುಂಚೆ ನಮ್ಮವ್ವಂದಿರೂ ಸೋರೆಬುರುಡೆಯಲ್ಲಿ ಹೀಗೆಯೇ ಬೀಜ ಇಟ್ಟಿದ್ದರು ಅಂತ ಇಲ್ಲಿ ಸುಮ್ಮನೆ ನೆನೆಯುತ್ತೇವೆ.

ಭೂಮಿಯಿದ್ದವರ ಕತೆ ಇಷ್ಟಾದರೆ, ಭೂಮಿಯೇ ಇಲ್ಲದವರ ಹೊಲ ಯಾವುದು? ಕಡಲ ನೀರು ಇಳಿದಾಗ ತೆರೆದುಕೊಳ್ಳುವ ಕೆಸರು. ಬಳಚು, ಕಲ್ವ ಅಂತ ಚಿಪ್ಪುಜೀವಿಗಳು ಅಲ್ಲಿ ಬೆಳೆಯುತ್ತವೆ. ಇಳಿತದ ಹೊತ್ತು ನೋಡಿ ದೋಣಿಯಲ್ಲೋ ನಡೆದೋ ಹೋಗಿ, ಸೊಂಟದುದ್ದ ನೀರಲ್ಲಿ ಬಗ್ಗಿ, ಕೈಯಿಂದ ಕಾಲಿಂದ ಕೆಸರು ತಡಕಿ ತೆಗೆಯಬೇಕು. ಅಂಬಿಗರು, ಹರಿಕಂತ್ರರು, ಹಾಲಕ್ಕಿಗಳು, ಇನ್ನೂ ಎಷ್ಟೋ ಬಡವರ ಮನೆಯ ಹೆಂಗಸರು ಗಂಡಸರು ಇದರಿಂದ ಒಲೆ ಹೊತ್ತಿಸಿದ್ದಾರೆ. ತಲೆಯ ಮೇಲೆ ಬುಟ್ಟಿ ಹೊತ್ತು ಸಂತೆಗೆ ಹೋಗುವವರು ಹೆಂಗಸರೇ. ಹೆಚ್ಚಿನ ಮಾಲು ಗೋವೆಗೆ ಹೋಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರಲ್ಲಿ ಲೆಕ್ಕ ಹಾಕಿದರು: ವರ್ಷಕ್ಕೆ ಸುಮಾರು 22,000 ಟನ್ನು ಬಳಚು, ಐದು ಕೋಟಿ ರೂಪಾಯಿಗೆ ಮೀರಿದ ಬೆಲೆ, ಎರಡು ಸಾವಿರಕ್ಕೂ ಹೆಚ್ಚು ಜನರಿಗೆ ನೇರ ಕೆಲಸ. ಇಷ್ಟು ಬೆಳೆಯುವ ಈ ಹೊಲಕ್ಕೆ ಪಹಣಿ ಇಲ್ಲ, ಸರ್ವೆ ನಂಬರಿಲ್ಲ. ಬೆಳೆ ಹೋದರೆ ಪರಿಹಾರ ಕೇಳಲು ಒಂದು ಚೀಟಿಯಿಲ್ಲ. ತಹಶೀಲ್ದಾರನ ಕಣ್ಣಲ್ಲಿ ಅದು ಖಾಲಿ ನೀರು.

ಹಾಗೆ ಖಾಲಿಯಾಗಿ ಕಂಡದ್ದಕ್ಕೇ ತದಡಿಯಲ್ಲಿ 2006ರ ಹೊತ್ತಿಗೆ 4,000 ಮೆಗಾವ್ಯಾಟಿನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಯೋಜನೆ ಬಂತು. ಬಿಸಿನೀರು ಅಳಿವೆಗೆ, ಬೂದಿ ಗಜನಿಗೆ. ಊರವರು ಎದ್ದು ನಿಂತರು, ವಿಜ್ಞಾನಿಗಳು ಅಂಕಿ ಅಂಶ ಕೊಟ್ಟರು, ಸ್ಥಾವರ ಬರಲಿಲ್ಲ. ಆಮೇಲೆ ದೊಡ್ಡ ಬಂದರಿನ ಮಾತು ಬಂತು, ಅದಕ್ಕೂ ಎದುರು ನಿಂತರು. ಎದುರು ನಿಲ್ಲದೆ ಇದ್ದರೆ ಏನಾಗುತ್ತದೆ ಎಂದು ಅವರು ನೆರೆಯಲ್ಲೇ ಕಂಡಿದ್ದರು. ಕಾರವಾರ ಅಂಕೋಲೆ ನಡುವೆ ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಒಕ್ಕಲೆದ್ದವು. ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟಿನ ಮೆಟ್ಟಿಲು ಹತ್ತಿ ಇಳಿದವು.

ಗೆಳೆಯರೇ, 2024ರಲ್ಲಿ ರಾಮ್ಸಾರ್ ಹೆಸರು ಬಂದಾಗ ಅಲ್ಲಿ ಉಳಿಸಲು ಏನಾದರೂ ಇತ್ತು ಅಂದರೆ ಅದು ಇವರು ಬಿಟ್ಟುಕೊಡದೆ ಇದ್ದುದರಿಂದ. ಇನ್ನು ಸರ್ಕಾರದ ಪ್ರಕಟಣೆ ನೋಡಿ. ಅಳಿವೆಯಲ್ಲಿ 66 ಜಾತಿಯ ನೀರುಹಕ್ಕಿಗಳು. ಎಣಿಕೆಗೆ ಸಿಗುವ ಹಕ್ಕಿಗಳು 43,000ಕ್ಕೂ ಹೆಚ್ಚು. ಅದರಲ್ಲಿ 15 ಜಾತಿಯವು ತಮ್ಮ ಒಟ್ಟು ಸಂಖ್ಯೆಯ ನೂರಕ್ಕೆ ಒಂದಂಶಕ್ಕಿಂತ ಹೆಚ್ಚು ಇಲ್ಲಿವೆ. ಜನರನ್ನೂ ಮರೆತಿಲ್ಲ: ಮೀನುಗಾರಿಕೆ, ಬಳಚು, ಏಡಿ, ಗಜನಿ, ಉಪ್ಪು ಎಲ್ಲದರಿಂದ 6,000ದಿಂದ 7,500 ಕುಟುಂಬಗಳು ಬದುಕುತ್ತವೆ ಎಂದು ಬರೆದಿದೆ. ಬರೆದದ್ದಕ್ಕೆ ಸಂತೋಷ. ಆದರೆ ಆರು ಸಾವಿರವೋ, ಏಳೂವರೆ ಸಾವಿರವೋ? ನಡುವಿನ ಆ 1,500 ಸಂಸಾರಗಳು ಇವೆಯೋ ಇಲ್ಲವೋ? ಹಕ್ಕಿಯನ್ನು ಜಾತಿವಾರು ಎಣಿಸಿದ್ದಾರೆ, ನೂರಕ್ಕೆ ಒಂದಂಶದವರೆಗೆ ಲೆಕ್ಕ ಹಿಡಿದಿದ್ದಾರೆ. ಹಕ್ಕಿ ಎಣಿಸಿದ್ದು ತಪ್ಪೆಂದು ನಾವು ಹೇಳುವುದಿಲ್ಲ. ಹಕ್ಕಿಯನ್ನು ಅಷ್ಟು ಜತನದಿಂದ ಎಣಿಸಬಲ್ಲವರಿಗೆ ಉಪ್ಪಿನ ಕೂಲಿಯನ್ನು ಎಣಿಸುವುದು ಯಾಕೆ ಕಷ್ಟವಾಯಿತು ಅಂತ ಕೇಳುತ್ತೇವೆ, ಅಷ್ಟೆ.

ಈ ಎಣಿಕೆ ಯಾಕೆ ಇಷ್ಟು ಮುಖ್ಯ ಅನ್ನುವವರು ರಾಜಸ್ತಾನದ ಭರತಪುರದ ಕತೆ ಕೇಳಬೇಕು. ಭಾರತದ ಮೊದಲ ರಾಮ್ಸಾರ್ ತಾಣಗಳು ಎರಡು, ಒರಿಸ್ಸಾದ ಚಿಲಿಕಾ ಸರೋವರ, ಭರತಪುರದ ಕೇವಲಾದೇವ. 1981ರಲ್ಲಿ ಪಟ್ಟಿಗೆ ಸೇರಿದವು. ಮರುವರ್ಷವೇ ಕೇವಲಾದೇವ ರಾಷ್ಟ್ರೀಯ ಉದ್ಯಾನವಾಯಿತು, ಸುತ್ತಲ ಹಳ್ಳಿಯ ಎಮ್ಮೆ ದನ ಒಳಗೆ ಬರಕೂಡದೆಂದು ಕಟ್ಟಪ್ಪಣೆ ಆಯಿತು. ಹಳ್ಳಿಗರು ತಕರಾರು ಮಾಡಿದರು. 1982ರ ನವೆಂಬರಿನಲ್ಲಿ ಪೊಲೀಸರು ಗುಂಡು ಹಾರಿಸಿದರು, ಹಳ್ಳಿಗರು ಸತ್ತರು. ಮುಂದೆ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು ಹತ್ತು ವರ್ಷ ಕೂತು ಅಧ್ಯಯನ ಮಾಡಿ 1991ರಲ್ಲಿ ವರದಿ ಕೊಟ್ಟರು. ಎಮ್ಮೆಗಳು ಮೇಯದ ಕಾರಣ ಹುಲ್ಲು ದಟ್ಟವಾಗಿ ಬೆಳೆದು ನೀರನ್ನೇ ಮುಚ್ಚಿ, ಹಕ್ಕಿಗಳಿಗೇ ಜಾಗ ಇಲ್ಲದಾಗಿದೆ ಎಂದು! ಎಮ್ಮೆ ಕಾಯುವ ಹುಡುಗನಿಗೆ ಮೊದಲೇ ಗೊತ್ತಿದ್ದ ವಿಷಯ. ಅವನನ್ನು ಕೇಳಿದ್ದರೆ ಹತ್ತು ವರ್ಷವೂ ಉಳಿಯುತ್ತಿತ್ತು, ಆ ಜೀವಗಳೂ ಉಳಿಯುತ್ತಿದ್ದವು. ಚಿಲಿಕಾದಲ್ಲಿ ಬೇರೆ ಥರ: ಹೆಸರು ರಾಮ್ಸಾರಿನದು, ಒಳಗೆ ಸಿಗಡಿ ಮಾಫಿಯಾ. ಅದನ್ನು ಎದುರಿಸಿದ ಮೀನುಗಾರರ ಮೇಲೆ 1999ರ ಮೇ 29ರಂದು ಸೋರಾಣದಲ್ಲಿ ಗುಂಡು ಹಾರಿತು, ನಾಲ್ವರು ಸತ್ತರು.

ನಮ್ಮ ಆಗೇರರ ಹೆಸರನ್ನೇ ಹೋಲುವ ಜನ ಗುಜರಾತಿನಲ್ಲಿದ್ದಾರೆ, ಅಗರಿಯಾಗಳು. ಕಛ್‌ನ ಸಣ್ಣ ರಣದಲ್ಲಿ ನೆಲದಾಳದ ಉಪ್ಪುನೀರು ಎತ್ತಿ ಉಪ್ಪು ಬೆಳೆಯುವವರು. 1973ರಲ್ಲಿ ಆ ರಣ ಕಾಡುಕತ್ತೆಗಳ ಅಭಯಾರಣ್ಯವಾಯಿತು. ಕತ್ತೆಗೆ ಅಭಯ ಸಿಕ್ಕಿತು. ತಲೆಮಾರುಗಳಿಂದ ಅಲ್ಲಿ ಉಪ್ಪು ಬೆಳೆದವರು ಅಂದಿನಿಂದ ತಾವು ಅಕ್ರಮದವರಲ್ಲ ಎಂದು ಸಾಬೀತು ಮಾಡುತ್ತಾ ಅಲೆಯಬೇಕಾಯಿತು. ಅಗರಿಯಾ ಸತ್ತರೆ ಉಪ್ಪು ಹಿಡಿದ ಪಾದ ಚಿತೆಯಲ್ಲೂ ಬೇಗ ಬೇಯುವುದಿಲ್ಲ ಎಂದು ಅಲ್ಲಿ ಹೇಳುತ್ತಾರೆ.

ರಾಮ್ಸಾರ್ ತಾಣವಾದ ಮಾತ್ರಕ್ಕೆ ಯಾರನ್ನೂ ಒಕ್ಕಲೆಬ್ಬಿಸುವುದಿಲ್ಲ, ಒಪ್ಪಂದದಲ್ಲೇ ವಿವೇಕದ ಬಳಕೆ ಎಂಬ ಮಾತಿದೆ ಎಂದು ಅಧಿಕಾರಿಗಳು ಹೇಳಬಹುದು. ನಿಜ, ಇದೆ. 2017ರ ಜೌಗುನೆಲ ನಿಯಮಗಳಲ್ಲೂ ಆ ಮಾತಿದೆ. ಆದರೆ ವಿವೇಕ ಯಾರದ್ದು? ಇಂಥ ತಾಣಕ್ಕೆ ನಿರ್ವಹಣೆಯ ಯೋಜನೆ ಬರೆಯುತ್ತಾರೆ. ಯಾವ ಕೆಸರಿಗೆ ಯಾರು ಇಳಿಯಬಹುದು, ಗಜನಿಯ ಬಾಗಿಲು ಯಾರ ಕೈಯಲ್ಲಿರಬೇಕು, ಪ್ರವಾಸಿಗಳ ದೋಣಿ ಎಲ್ಲಿ ಓಡಾಡಬೇಕು, ಎಲ್ಲ ಅದರಲ್ಲಿ ತೀರ್ಮಾನ. ಇದೇ ಕರಾವಳಿಯ ತುಳಸಿ ಗೌಡ ಎಂಬ ಹಾಲಕ್ಕಿ ಹೆಣ್ಣುಮಗಳು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿ ಲಕ್ಷಾಂತರ ಸಸಿ ಎಬ್ಬಿಸಿದರು. ಬರಿಗಾಲಲ್ಲಿ ದಿಲ್ಲಿಗೆ ಹೋಗಿ ಪದ್ಮಶ್ರೀ ತಗೊಂಡರು, 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಪ್ರಶಸ್ತಿ ಕೊಟ್ಟ ಸರ್ಕಾರ ಅವರ ಜನರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸುವ ಬೇಡಿಕೆಯನ್ನು ಅವರ ಜೀವಮಾನದಲ್ಲಿ ಈಡೇರಿಸಲಿಲ್ಲ. ಹಾಗಾಗಿ ಅರಣ್ಯ ಹಕ್ಕು ಕಾಯಿದೆಯಲ್ಲಿ ಹಾಲಕ್ಕಿಗಳು ಕಾಡಿನ ಹಕ್ಕು ಕೇಳಬೇಕಾದರೆ ಮೂರು ತಲೆಮಾರು, 75 ವರ್ಷ ಅಲ್ಲೇ ಇದ್ದುದಕ್ಕೆ ಸಾಕ್ಷಿ ತರಬೇಕು. ಆಗೇರರಿಗೂ ಮುಕ್ರಿಗಳಿಗೂ ಇದೇ ಷರತ್ತು.

ಕುಮಟೆ, ಅಂಕೋಲೆ ಕಡೆಯ ಮೇಷ್ಟ್ರುಗಳು, ಕಾಲೇಜು ಹುಡುಗರು ಇದನ್ನು ಓದುತ್ತಿದ್ದರೆ ಅವರಿಗೊಂದು ಕೆಲಸ. 2006ರ ಅರಣ್ಯ ಹಕ್ಕು ಕಾಯಿದೆಯ ಮೂರನೇ ಕಲಮಿನಲ್ಲಿ ಮೀನು ಮತ್ತು ನೀರಿನ ಇತರ ಉತ್ಪನ್ನಗಳ ಮೇಲೆ ಸಮುದಾಯಕ್ಕೆ ಹಕ್ಕಿದೆ ಎಂದು ಸ್ಪಷ್ಟವಾಗಿ ಬರೆದಿದೆ. ಕಾಂಡ್ಲಾ ಕಾಡು ಅರಣ್ಯವೆಂದು ದಾಖಲಾಗಿರುವ ಕಡೆಯೆಲ್ಲ ಈ ಕಲಮನ್ನು ಹಿಡಿದು ಕೇಳಬಹುದು. ಅರ್ಜಿ ನಮೂನೆ ಬಿ, ಕೊಡಬೇಕಾದ್ದು ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೆ. ಊರ ಹಿರಿಯರ ಹೇಳಿಕೆಯನ್ನೂ ನಿಯಮದಲ್ಲಿ ಸಾಕ್ಷಿಯಾಗಿ ಒಪ್ಪಿದ್ದಾರೆ. ಹಾಗೆಯೇ 2002ರ ಜೀವವೈವಿಧ್ಯ ಕಾಯಿದೆಯ ಪ್ರಕಾರ ಪ್ರತಿ ಪಂಚಾಯ್ತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಂಚಾಯ್ತಿಗೆ ಹೋಗಿ ಆ ಪುಸ್ತಕ ಕೇಳಿ ತೆಗೆಸಿ. ಅದರಲ್ಲಿ ಕಗ್ಗ ಇದೆಯಾ, ಯಾವ ಬಳಚನ್ನು ಯಾವ ತಿಂಗಳು ತೆಗೆಯಬಾರದು ಎಂಬುದು ಇದೆಯಾ, ಉಪ್ಪಿನ ನೆಲ ತುಳಿಯುವ ಬಗೆ ಇದೆಯಾ, ಅದನ್ನು ಹೇಳಿಕೊಟ್ಟ ಮುದುಕಿಯ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಮಕ್ಕಳ ಕೈಗೆ ನೋಟುಬುಕ್ಕು ಕೊಟ್ಟು ಅವರ ಅಜ್ಜಿ ತಾತಂದಿರ ಹತ್ತಿರ ಕಳಿಸಿ. ಮಳೆಗಾಲದಲ್ಲಿ ಕಳಿಸಿ, ಆಗರದಲ್ಲಿ ಕೆಲಸ ಇರುವುದಿಲ್ಲ, ಮಾತಾಡಲು ಪುರುಸೊತ್ತು ಸಿಗುತ್ತದೆ.